ಚಂದ್ರಂಪಳ್ಳಿಯ ನೀರು, ಹೊಸ ಕಾರಿನ ಬಾಗಿಲು

ಕಾರು ತರಲು ನಾವು ನಾಲ್ವರು ಹೋಗಿದ್ದೆವು. ನಾನು, ನನ್ನ ಹೆಂಡತಿ, ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ, ಮತ್ತು ನಮ್ಮ ಸೋದರತ್ತೆ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಎಂಬತ್ತು ದಾಟಿದೆ ಎಂದು ನಾವು ಹೇಳುತ್ತೇವೆ, ಆಕೆ ಒಪ್ಪುವುದಿಲ್ಲ. ಚಂದ್ರಂಪಳ್ಳಿ ಕೆರೆಯ ದಂಡೆಗೆ ಹತ್ತಿದ ಊರಿನಲ್ಲಿ ಬಾಳ್ವೆ ಮಾಡಿ, ಈಗ ಸೇಡಮಿನ ನಮ್ಮ ಮನೆಯಲ್ಲಿದ್ದಾಳೆ. ಆ ದಿನ ಆಕೆಯ ಒಂದು ಕೈಯಲ್ಲಿ ಆರತಿ ತಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನು. ಕ್ಯಾನನ್ನು ಯಾರು ಕೇಳಿದರೂ ಕೊಡಲಿಲ್ಲ.

ಶೋರೂಮು ಶಹಾಬಾದಿನ ಹೊರಗೆ ದೊಡ್ಡ ರಸ್ತೆಯ ಮೇಲಿತ್ತು. ಹೋಗುವಾಗ ಬಾಡಿಗೆ ಜೀಪು, ಬರುವಾಗ ಸ್ವಂತ ಕಾರು ಎಂದು ಲೆಕ್ಕ ಹಾಕಿ, ಇಳಿದ ಕೂಡಲೇ ಜೀಪಿನವನನ್ನು ಕಳಿಸಿಬಿಟ್ಟೆವು.

ಕಾರು ನನ್ನ ಹೆಂಡತಿಯದು. ಆಕೆ ಐನಾಪುರದ ಹತ್ತಿರದ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸೇಡಮಿನಿಂದ ಚಿಂಚೋಳಿಗೆ ಒಂದು ಬಸ್ಸು, ಅಲ್ಲಿಂದ ಶಾಲೆಗೆ ಇನ್ನೊಂದು. ಎಷ್ಟೋ ವರ್ಷ ಹೀಗೇ ನಡೆಯಿತು. ಹೋದ ವರ್ಷ ಬೆನ್ನುಮೂಳೆಯ ಒಂದು ಮಣಿ ಜಾರಿ ಎಡಗಾಲಿಗೆ ಜೋಮು ಹಿಡಿಯಲು ಶುರುವಾಯಿತು. ಬಸ್ಸಿನಲ್ಲಿ ನಿಂತು ಹೋಗುವುದನ್ನು ಬಿಡಬೇಕು ಎಂದರು ಡಾಕ್ಟರು. ಕ್ಲಚ್ ತುಳಿಯುವ ಕಾರು ಎಡಗಾಲಿಗೆ ಆಗದು. ಕ್ಲಚ್ಚಿಲ್ಲದ, ಗೇರಿಲ್ಲದ ಈ ಕರೆಂಟಿನ ಕಾರು ಆದೀತು ಎಂದು ಆಕೆಯೇ ಹುಡುಕಿ ಆರಿಸಿದಳು, ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಕಲಿತಳು. ಕಾರು ಬಂದರೆ ಶಾಲೆ, ಬರದಿದ್ದರೆ ಈ ವರ್ಷವೇ ನೌಕರಿ ಬಿಡುವುದು. ಇದನ್ನು ಆಕೆ ಒಂದೇ ಸಲ ಹೇಳಿದ್ದಳು, ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ. ಶಾಲೆ ಶುರುವಾಗಲು ಇನ್ನು ಹೆಚ್ಚು ದಿನ ಇರಲಿಲ್ಲ.

ತಮ್ಮನಿಗೆ ಮಾತ್ರ ಕರೆಂಟಿನ ಕಾರು ಎಂದರೆ ಮೊದಲಿನಿಂದ ನಗೆ.

"ವೈನಿ, ನಿಮ್ಮ ಗಾಡಿ ಮೊಬೈಲ್ ಇದ್ದಂಗ ನೋಡ್ರಿ. ಚಾರ್ಜ್ ಇದ್ರ ಹಲೋ ಹಲೋ, ಇಲ್ಲಂದ್ರ ಸ್ವಿಚ್ಡ್ ಆಫ್."

"ನಿನ್ನ ಬೈಕಿನಂಗ ದಿನಾ ಮುಂಜಾನಿ ಒದಿಸಿಕೊಂಡು ಏಳೋದಿಲ್ಲಲ್ಲಪಾ, ಅಷ್ಟು ಸಾಕು."

ಒಳಗೆ ಕೆಂಪು ಬಟ್ಟೆ ಹೊದ್ದು ಕಾರು ನಿಂತಿತ್ತು. ಸುತ್ತ ಬಲೂನು, ಜೋರಾಗಿ ಒಂದು ಹಾಡು. ಟೈ ಕಟ್ಟಿದ ಮ್ಯಾನೇಜರ್ ಬಂದು ನನ್ನ ಹೆಂಡತಿಯ ಕೈಯಿಂದಲೇ ಬಟ್ಟೆ ಎಳೆಸಿದರು. ಒಳಗಿಂದ ತಿಳಿನೀಲಿ ಬಣ್ಣದ ಚಿಕ್ಕ ಕಾರು ಹೊರಬಂತು. ಆಕೆ ಸೆರಗಿನ ತುದಿಯಿಂದ ಕನ್ನಡಿಯ ಮೇಲಿನ ಇಲ್ಲದ ಧೂಳನ್ನು ಒರೆಸಿದಳು. ಅತ್ತೆ ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಹಚ್ಚಿ, ಹಾರ ಹಾಕಿ, ಆರತಿ ಬೆಳಗಿದಳು. ತಮ್ಮ ಕಾಯಿ ಒಡೆದ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಶೋರೂಮಿನವರು ಕೇಕು ತಂದರು, ಅದನ್ನೂ ಕೊಯ್ದೆವು. ಕೊನೆಗೆ ಆಳೆತ್ತರದ ರಟ್ಟಿನ ಕೀಲಿ ಒಂದನ್ನು ತಂದು ನನ್ನ ಹೆಂಡತಿಯ ಕೈಗೆ ಕೊಟ್ಟು ಫೋಟೋ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಕಡೆ ಹೀಗೆಯೇ. ಹೊಸ ವಸ್ತುವನ್ನು ಮೊದಲು ಪೂಜೆ ಮಾಡುತ್ತೇವೆ, ಆಮೇಲೆ ನೋಡುತ್ತೇವೆ. ಪೂಜೆಗೆ ಮುಂಚೆ ಬಗ್ಗಿ ಬಗ್ಗಿ ನೋಡಿದರೆ ಬಂದ ಲಕ್ಷ್ಮಿಯ ಮೇಲೆ ಸಂಶಯ ಪಟ್ಟಂತೆ. ಕುಂಕುಮ ಬಿದ್ದ ಮೇಲೆ ನೋಡಿ ತಪ್ಪು ಕಂಡರೋ, ಲಕ್ಷ್ಮಿಯಲ್ಲಿ ಕುಂದು ಎಣಿಸಬಾರದೆಂದು ಸುಮ್ಮನಾಗುತ್ತೇವೆ. ಹೀಗಾಗಿ ಎಷ್ಟೋ ಸೋರುವ ಟ್ಯಾಂಕುಗಳು, ಬಾಗಿಲು ಮುಚ್ಚದ ಕಪಾಟುಗಳು ನಮ್ಮ ಮನೆಗಳಲ್ಲಿ ಮರ್ಯಾದೆಯಿಂದ ಬಾಳುತ್ತಿವೆ.

ಫೋಟೋ ಮುಗಿದು ಎಲ್ಲರೂ ಇನ್ನೇನು ಹೊರಡುವುದು ಎನ್ನುವಾಗ ಅತ್ತೆ ಕ್ಯಾನಿನ ಮುಚ್ಚಳ ತಿರುವಿದಳು. ಅತ್ತೆ ತನ್ನ ಗಂಡನ ಊರಿನಿಂದ ತಂದು ನಮ್ಮ ಮನೆಯಲ್ಲೂ ನೆಲೆಗೊಳಿಸಿದ ರೂಢಿ ಅದು. ಬಂಡಿ ತಂದರೂ ಸರಿ, ಎತ್ತು ತಂದರೂ ಸರಿ, ಹೊಲ ಬಿತ್ತುವ ಕೂರಿಗೆ ತಂದರೂ ಸರಿ, ಚಂದ್ರಂಪಳ್ಳಿ ಕೆರೆಯ ನೀರು ಒಂದಿಷ್ಟು ಅದರ ತಲೆಯ ಮೇಲೆ ಬೀಳಬೇಕು. ಆಕೆ ಹೋದ ಸಲ ಊರಿಗೆ ಹೋದಾಗಲೇ ತುಂಬಿ ತಂದು ದೇವರ ಕೋಣೆಯಲ್ಲಿ ಇಟ್ಟಿದ್ದಳಂತೆ.

ಮ್ಯಾನೇಜರ್ ಓಡಿ ಬಂದರು. "ಅಮ್ಮಾ, ಅಮ್ಮಾ! ಇದು ಎಲೆಕ್ಟ್ರಿಕ್ ಗಾಡಿ ಅದರಿ. ನೀರು ಸುರೀಬ್ಯಾಡ್ರಿ. ಹೂವಿಲೆ ಒಂದೀಟು ಚಿಮುಕಿಸ್ರಿ, ಸಾಕು."

"ಯಾಕ ತಮ್ಮಾ, ಮಳಿಗಾಲದಾಗ ಇದಕ್ಕ ಕೌದಿ ಹೊಚ್ಚಿ ಮನ್ಯಾಗ ಮಲಗಿಸಬೇಕೇನು?"

ಮ್ಯಾನೇಜರಿಗೆ ನಗು ಬಂತು. "ಹಂಗೇನಿಲ್ಲರಿ. ಹಾಕ್ರಿ, ಹಾಕ್ರಿ."

ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಕಾರಿನ ನೆತ್ತಿಗೆ ಅತ್ತೆಯ ಕೈ ನಿಲುಕಲಿಲ್ಲ, ತಮ್ಮ ಕ್ಯಾನು ಹಿಡಿದು ನಿಂತ. ಆಕೆ ತಂಬಿಗೆಯಲ್ಲಿ ಹಿಡಿದು ಹಿಡಿದು ಹಿಂದಿನ ಬಾಗಿಲ ಮೇಲಿಂದ ಸುರಿದಳು. ನೀರು ನೀಲಿ ಬಣ್ಣದ ಮೇಲೆ ಚೆಂದವಾಗಿ ಹರಿಯಿತು. ಅತ್ತೆಯನ್ನು ಕೂರಿಸಬೇಕೆಂದು ನನ್ನ ಹೆಂಡತಿ ಆ ಬಾಗಿಲು ತೆಗೆದಳು, ತೆಗೆದವಳು ಹಾಗೆಯೇ ನಿಂತಳು. ಸೀಟಿನ ಅಂಚು ತೊಯ್ದಿತ್ತು. ಬಾಗಿಲ ಮೇಲಿನ ಮೂಲೆಯಿಂದ ಹನಿ ಹನಿಯಾಗಿ ನೀರು ಒಳಗೆ ಇಳಿದು ಕೆಳಗಿನ ಹಾಸಿನ ಮೇಲೆ ಬೀಳುತ್ತಿತ್ತು.

"ಅಯ್ಯ ವೈನಿ, ಗಾಡಿ ತವರಮನಿ ಬಿಟ್ಟು ಬರಲಾರದ ಅಳಾಕತ್ತದ," ಎಂದ ತಮ್ಮ. ಯಾರೂ ನಗಲಿಲ್ಲ.

ಬಾಗಿಲು ಸರಿಯಾಗಿ ಹಾಕಿರಲಿಕ್ಕಿಲ್ಲ ಎಂದರು ಮ್ಯಾನೇಜರ್. ತಾವೇ ಒರೆಸಿ, ತಾವೇ ಧಪ್ಪನೆ ಹಾಕಿದರು. ಅತ್ತೆ ಮತ್ತೆ ಸುರಿದಳು. ಮತ್ತೆ ಅದೇ ಮೂಲೆಯಿಂದ ಅದೇ ಹನಿ.

ನಾನು ವಾಡಿಯಲ್ಲಿ ಫರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡು ನಡೆಸುವವನು. ನೆಲಕ್ಕೆ ಹಾಸುವ ಕಲ್ಲಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದಾದರೆ ಗಿರಾಕಿಗಳು ನನ್ನನ್ನು ಬಿಡುವುದಿಲ್ಲ. ಆದರೂ ಆ ಬಲೂನು, ಹಾಡಿನ ನಡುವೆ ನನಗೆ ಕಾರಿನ ಸಂದು ಕಂಡಿರಲಿಲ್ಲ. ಈಗ ಹಾರದ ಹೂವು ಉದುರಿಸಿ, ದಾರ ಬಿಚ್ಚಿ, ತಮ್ಮನಿಗೆ ಒಂದು ತುದಿ ಕೊಟ್ಟು ಬಾಗಿಲ ಉದ್ದಕ್ಕೂ ಎಳೆದು ಹಿಡಿದೆ. ಎಡಗಡೆಯ ಹಿಂಬಾಗಿಲು ಕೆಳಗೆ ಜೋತಿತ್ತು. ಮೇಲಿನ ಸಂದಿನಲ್ಲಿ ಬೆರಳು ಹೋಗುತ್ತಿತ್ತು, ಕೆಳಗೆ ಉಗುರೂ ಹೋಗುತ್ತಿರಲಿಲ್ಲ. ಒಂದು ಕಂಡ ಮೇಲೆ ಉಳಿದವೂ ಕಂಡವು. ಬಾನೆಟ್ಟಿನ ಒಂದು ಅಂಚು ಎದ್ದಿತ್ತು. ಚಾರ್ಜಿಂಗ್ ತೂತಿನ ಮುಚ್ಚಳ ಒತ್ತಿದರೆ ಕೂರುತ್ತಿತ್ತು, ಕೈ ತೆಗೆದರೆ ಏಳುತ್ತಿತ್ತು. ಬಿಸಿಲಿಗೆ ನೋಡಿದರೆ ಹಿಂದಿನ ಬಂಪರಿನ ನೀಲಿ ಬೇರೆ, ಮೈಯ ನೀಲಿ ಬೇರೆ.

ಮ್ಯಾನೇಜರ್ ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡರು. "ಸರ್, ಹೊಸಾ ಗಾಡ್ಯಾಗ ಇಂಥಾವು ಸಣ್ಣಪುಟ್ಟ ಇರ್ತಾವ್ರಿ. ನೀವು ಗಾಡಿ ತೊಗೊಂಡು ಹೋಗ್ರಿ. ಮುಂದ ಸರ್ವಿಸಿಗಿ ತಂದಾಗ ಎಲ್ಲಾ ಬರೋಬ್ಬರಿ ಮಾಡಿಕೊಡ್ತೀವಿ. ಇಲ್ಲೇ ಬಿಟ್ರ ಸಾಮಾನು ಮ್ಯಾಲಿಂದ ಬರಬೇಕು, ಯಾವಾಗ ಬರ್ತದೋ ನನ್ನ ಕೈಯಾಗಿಲ್ಲ. ಮತ್ತ... ಪೂಜಿ ಆಗ್ಯಾದ. ಕೀಲಿನೂ ಕೊಟ್ಟೀವಿ."

"ಖರೇ ಅದ ಅಣ್ಣಾ," ಎಂದ ತಮ್ಮ. "ಪೂಜಿ ಆದ ಗಾಡಿ ಬಿಟ್ಟು ಬರಿಗೈಲೆ ಹೋದ್ರ ಓಣ್ಯಾಗಿನ ಮಂದಿ ಏನಂದಾರು?"

ನನ್ನ ಹೆಂಡತಿ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ಬಾಗಲದ ಒಂದು ರಬ್ಬರಿನ ಮಾತಲ್ಲೇನ್ರಿ. ಒಯ್ಯೋಣ ನಡೀರಿ. ಸಾಲಿ ಚಾಲೂ ಆಗ್ತದ."

ನನಗೂ ಒಯ್ಯುವುದೇ ಸರಿ ಎನ್ನಿಸುತ್ತಿತ್ತು. ಕುಂಕುಮ ಹಚ್ಚಿದ್ದನ್ನು ಹೇಗೆ ಬಿಟ್ಟು ಬರುವುದು?

ಅತ್ತೆ ಕುರ್ಚಿ ತರಿಸಿಕೊಂಡು ನೆರಳಿನಲ್ಲಿ ಕೂತಿದ್ದಳು. ಅಲ್ಲಿಂದಲೇ ಮ್ಯಾನೇಜರರನ್ನು ಕೇಳಿದಳು. "ತಮ್ಮಾ, ಇಲ್ಲಿ ಬಾ. ನೀ ಎತ್ತಿನ ಸಂತಿ ನೋಡೀದಿ ಏನು?"

"ಇಲ್ಲರಿ ಅಮ್ಮಾ."

"ನಮ್ಮಪ್ಪ ಸಂತ್ಯಾಗ ಮನಸಿಗಿ ಬಂದ ಎತ್ತಿಗಿ ವಿಭೂತಿ ಹಚ್ಚತಿದ್ದ, ಬೆಲ್ಲ ತಿನ್ನಸ್ತಿದ್ದ, ಮೈ ಸವರಿ ಮುದ್ದು ಮಾಡ್ತಿದ್ದ. ಆದ್ರ ಹಗ್ಗಾ ಮಾತ್ರ ಮಾರಾವನ ಕೈಯಾಗೇ ಇರ್ತಿತ್ತು. ನಡಸಿ ನೋಡಾದು, ಕೂಡಿಸಿ ಎಬ್ಬಿಸಾದು, ಬಾಯಿ ಬಿಡಿಸಿ ಹಲ್ಲು ನೋಡಾದು. ಎಲ್ಲಾ ಪಸಂದ ಬಂದ ಮ್ಯಾಲ ಮನಿಲಿಂದ ಒಯ್ದ ನಮ್ಮ ಹಗ್ಗಾ ಹಾಕಿ, ಅವರ ಹಗ್ಗಾ ಅವರಿಗಿ ವಾಪಸ್ ಕೊಡಾದು. ಹಗ್ಗಾ ಬದಲಾಗೋತನಾ ಎತ್ತು ಮಾರಾವಂದೇ. ವಿಭೂತಿ ಹಚ್ಚಿದ್ದು ಎತ್ತಿಗಿ, ವ್ಯಾಪಾರಕ್ಕಲ್ಲ. ತಿಳೀತಾ?"

ತಮ್ಮ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಅಪ್ಪ ಎತ್ತು ತರುವಾಗ ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು ಹೋಗುತ್ತಿದ್ದುದು ನಮಗೂ ನೆನಪಿತ್ತು. ಅದು ಯಾಕೆಂದು ಕೇಳಿರಲಿಲ್ಲ.

"ಈಗ ಹೇಳು, ಕೀಲಿ ಎಲ್ಲದ?"

"ಆಗಳೇ ಕೊಟ್ಟೀವಲ್ರಿ ಅಮ್ಮಾ. ಮೇಡಂ ಹಿಡಕೊಂಡಿದ್ದು ಫೋಟೋ ಸೈತ ಅದ."

ಅತ್ತೆ ಗೋಡೆಗೆ ಆನಿಸಿ ಇಟ್ಟಿದ್ದ ರಟ್ಟಿನ ಕೀಲಿಯ ಕಡೆ ಬೆರಳು ಮಾಡಿದಳು. "ಅದರಲೆ ಗಾಡಿ ಚಾಲೂ ಆಗ್ತದೇನು? ಆಗ್ತದಂದ್ರ ಹಚ್ಚಿ ತೋರ್ಸಪಾ. ಈಗೇ ಒಯ್ತೀವಿ."

ಮ್ಯಾನೇಜರರ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ನಿಜವಾದ ಕೀಲಿ ಅಲ್ಲೇ ಇತ್ತು. ಅವರು ಮುಚ್ಚಿಡಲಾರದೆ ನಕ್ಕುಬಿಟ್ಟರು.

"ನೋಡು, ಹಗ್ಗಾ ಇನ್ನೂ ನಿನ್ನ ಕೈಯಾಗೇ ಅದ." ಅತ್ತೆ ನನ್ನ ಹೆಂಡತಿಯ ಕಡೆ ತಿರುಗಿದಳು. "ಗಾಡಿ ನಿಂದವಾ. ನಾ ಏನು, ನನ್ನ ಸೋದರಳಿಯಂದಿರು ಏನು, ಊರ ಮಂದಿ ಏನು. ಕುಂದರಾಕಿ ನೀ, ನಡಸಾಕಿ ನೀ. ನೀ ಹೇಳು."

ನನ್ನ ಹೆಂಡತಿ ತೊಯ್ದ ಹಾಸನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಸೀಟಿನ ಮೇಲಿಟ್ಟಿದ್ದ ತನ್ನ ಚೀಲ ತೆಗೆದುಕೊಂಡು ಬಾಗಿಲು ಹಾಕಿದಳು.

"ಇಲ್ಲೇ ಇರ್ಲಿ ಸರ್. ಬಾಗಲಾ ಬರೋಬ್ಬರಿ ಆದ ದಿನಾ ಫೋನ್ ಮಾಡ್ರಿ, ಬರ್ತೀನಿ."

ವಿಭೂತಿ, ಕುಂಕುಮ, ಗಾಲಿಗೆ ಅಂಟಿದ ನಿಂಬೆಹಣ್ಣಿನ ಸಿಪ್ಪೆ ಎಲ್ಲ ಇದ್ದ ಹಾಗೇ ಕಾರನ್ನು ಬಿಟ್ಟು ಹೊರಬಂದೆವು. ಮ್ಯಾನೇಜರ್ ಉಳಿದ ಕೇಕನ್ನು ಡಬ್ಬಿಗೆ ಹಾಕಿ ಕೊಟ್ಟರು.

ಜೀಪು ಇಲ್ಲ. ಟಂಟಂ ಆಟೋ ಹತ್ತಿ ವಾಡಿ ಸ್ಟೇಶನ್ನಿಗೆ ಬಂದು ಸೇಡಮಿಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿದೆವು. ಹೆಂಡತಿಗೆ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ತೊಡೆಯ ಮೇಲೆ ಕೇಕಿನ ಡಬ್ಬಿ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಳು. ಕಣ್ಣು ತುಂಬಿದ್ದು ದುಃಖಕ್ಕೋ ಬಿಸಿಗಾಳಿಗೋ ತಿಳಿಯಲಿಲ್ಲ. ಚಿತ್ತಾಪುರದಲ್ಲಿ ಖಾಲಿ ತರಕಾರಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ ಎದುರಿಗೆ ಕೂತು ಡಬ್ಬಿಯನ್ನೇ ನೋಡಿದಳು.

"ಯಾರ ಬರ್ತ್‌ಡೇರಿ ಅಕ್ಕಾ?"

"ಕಾರಿಂದು," ಎಂದ ತಮ್ಮ.

"ಹೌದಾ? ಮತ್ತ ಕಾರ್ ಎಲ್ಲದ?"

"ಅದು ಬರಲಿಲ್ಲ. ನಮಗ ಕೇಕ್ ಕೊಟ್ಟು ಕಳಿಸ್ತು."

ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ನನ್ನ ಹೆಂಡತಿ ಮೊದಲು ತಮ್ಮನ ಕಡೆ ಸಿಟ್ಟಿನಿಂದ ನೋಡಿದಳು, ಆಮೇಲೆ ಆಕೆಗೂ ತಡೆಯಲಾಗಲಿಲ್ಲ. ಡಬ್ಬಿ ತೆಗೆದು ಸುತ್ತ ಕೂತವರಿಗೆಲ್ಲ ಕೇಕು ಹಂಚಿದಳು. ಮಳಖೇಡ ರೋಡ್ ಬರುವುದರೊಳಗೆ ಡಬ್ಬಿ ಬರಿದು. ಅತ್ತೆ ಮಾತ್ರ ಮುಟ್ಟಲಿಲ್ಲ. ಕಾರು ಬಂದ ದಿನ ತಿನ್ನುತ್ತೇನೆ ಎಂದಳು.

ಮರುದಿನದಿಂದ ಓಣಿಯಲ್ಲಿ ಒಂದೇ ಪ್ರಶ್ನೆ, ಕಾರು ಎಲ್ಲಿ? ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹಗ್ಗದ ಕತೆ ಹೇಳುತ್ತಿದ್ದಳು. ಮೊದಲು ನಗುತ್ತಿದ್ದವರು ಬರಬರುತ್ತ ತಮ್ಮ ತಮ್ಮ ಮನೆಯ ಸೋರುವ ಫ್ರಿಜ್ಜು, ಕುಂಟುವ ಮಂಚಗಳ ಕತೆ ಹೇಳತೊಡಗಿದರು.

ಶಾಲೆ ಶುರುವಾಯಿತು. ಕಾರು ಬಂದಿರಲಿಲ್ಲ. ನನ್ನ ಹೆಂಡತಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಸಂಜೆ ಬಂದು ಪಡಸಾಲೆಯ ತಣ್ಣನೆಯ ಫರ್ಸಿ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಿದ್ದಳು. ಅತ್ತೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಆಕೆಯ ಕಾಲಿಗೆ ಕಾವು ಕೊಡುತ್ತಿದ್ದಳು. ಒಂದು ಸಂಜೆ ನನಗೆ ನೋಡಲಾಗಲಿಲ್ಲ.

"ನಾಳಿಗಿ ಹೋಗಿ ಇದ್ದಂಗೇ ಗಾಡಿ ತರ್ತೀನಿ. ನೀರು ಬಂದ್ರ ಬಂತು, ಒರಸಿಕೊಳ್ಳಮು."

ಶೋರೂಮಿನಲ್ಲಿ ಒಯ್ಯೋಣ ನಡೀರಿ ಎಂದಿದ್ದವಳು ಈಗ ಮಲಗಿದಲ್ಲಿಂದಲೇ ತಲೆ ಆಡಿಸಿದಳು. "ಬ್ಯಾಡರಿ. ಐನಾಪುರದ ದಾರ್ಯಾಗ ಜೋರು ಮಳಿ ಬಂದಾಗ ಒಬ್ಬಾಕಿ ಇರ್ತೀನಿ. ಒಳಗ ನೀರು ಹನೀಲಿಕತ್ರ ನನ್ನ ಲಕ್ಷ್ಯ ದಾರಿ ಮ್ಯಾಲ ಇರ್ತದೇನು? ಇಷ್ಟು ದಿನಾ ತಡದೀನಿ, ಇನ್ನೊಂದೀಟು ತಡೀತೀನಿ."

ಮ್ಯಾನೇಜರ್ ಫೋನು ಮಾಡಲಾರರು ಎಂದುಕೊಂಡಿದ್ದೆ. ಮಾಡಿದರು. ಬಾಗಿಲ ತಿರುಗಣಿಯೇ ಸೊಟ್ಟ ಕೂತಿತ್ತಂತೆ, ಅದಕ್ಕೇ ರಬ್ಬರು ಮೇಲೆ ಕಚ್ಚಿಕೊಂಡಿರಲಿಲ್ಲ. ಬಿಚ್ಚಿ ಕೂರಿಸಿದ್ದಾರೆ, ರಬ್ಬರು ಹೊಸದು ಹಾಕಿದ್ದಾರೆ, ಚಾರ್ಜಿಂಗ್ ಮುಚ್ಚಳ ಬಂದಿದೆ. ನನ್ನ ಹೆಂಡತಿ ಫೋನು ತೆಗೆದುಕೊಂಡು, ನೀರು ಹಾಕಿ ವಿಡಿಯೋ ಕಳಿಸಿ ಎಂದಳು. ಬಂತು. ಮೆಕ್ಯಾನಿಕ್ ಒಬ್ಬ ಪೈಪು ಹಿಡಿದು ಕಾರಿಗೆ ನೀರು ಬಿಡುತ್ತಿದ್ದ. ಅತ್ತೆ ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದಳು.

"ಇಂವ ಬಲಗಡಿ ಹಾಕ್ಯಾನ. ಎಡಗಡಿ ಹಿಂದಿನ ಬಾಗಲಿಗಿ ಹಾಕಂತ ಹೇಳು. ಎತ್ತಿನ ಕುಂಟಗಾಲು ಬಿಟ್ಟು ಬ್ಯಾರೆ ಕಾಲು ತೋರಸ್ತಾನ."

ಇನ್ನೊಂದು ವಿಡಿಯೋ ಬಂತು. ಅದರಲ್ಲಿ ಮ್ಯಾನೇಜರ್ ತಾವೇ ಟೈ ಹೆಗಲ ಮೇಲೆ ಹಾಕಿಕೊಂಡು ಎಡಗಡೆಯ ಹಿಂಬಾಗಿಲಿಗೆ ನೀರು ಬಿಟ್ಟು, ತೆಗೆದು, ಒಳಗೆ ಬಿಳಿ ಕಾಗದ ಒತ್ತಿ ಕ್ಯಾಮರಾಕ್ಕೆ ಹಿಡಿದಿದ್ದರು. ಒಣ ಕಾಗದ.

ಮತ್ತೆ ನಾವೇ ನಾಲ್ವರು ಹೋದೆವು. ಈ ಸಲ ಬಲೂನು, ಹಾಡು ಇರಲಿಲ್ಲ. ಮೊದಲು ನೋಡುವುದು, ಆಮೇಲೆ ಉಳಿದದ್ದು. ಅತ್ತೆ ಕ್ಯಾನಿನಲ್ಲಿ ಉಳಿದಿದ್ದ ನೀರನ್ನೆಲ್ಲ ಸುರಿದಳು, ಬಾಗಿಲು ತೆಗೆದು ಅಂಗೈಯಿಂದ ಸೀಟು, ಹಾಸು, ಮೂಲೆ ಸವರಿದಳು. ನಾನು ದಾರ ಹಿಡಿದೆ. ಮುಚ್ಚಳ ಟಕ್ ಎಂದು ಕೂತಿತು. ಬಾನೆಟ್ಟು ಸಮ. ಬಂಪರಿಗೆ ಮತ್ತೆ ಬಣ್ಣ ಹೊಡೆದಿದ್ದರೂ ಬಿಸಿಲಿಗೆ ಒಂದು ಎಳೆಯಷ್ಟು ಬೇರೆ ಕಾಣುತ್ತಿತ್ತು. ಮ್ಯಾನೇಜರ್ ತಾವೇ ಅದನ್ನು ತೋರಿಸಿ, ಇದಕ್ಕೂ ಬೇಕಾದರೆ ಮತ್ತೆ ಬಿಟ್ಟು ಹೋಗಿ ಎಂದರು.

"ಇರ್ಲಿ ಬಿಡು," ಎಂದಳು ಅತ್ತೆ. "ಅದು ದೃಷ್ಟಿಬಟ್ಟು. ಅಷ್ಟೂ ಇಲ್ಲಂದ್ರ ಮಂದಿ ಕಣ್ಣು ಬೀಳ್ತದ."

ಮ್ಯಾನೇಜರ್ ಕಿಸೆಯಿಂದ ಕೀಲಿ ತೆಗೆದು ಕೊಟ್ಟರು. ಅತ್ತೆ ಅದಕ್ಕಿದ್ದ ಶೋರೂಮಿನ ಹೊಳೆಯುವ ಸರಪಣಿ ಬಿಚ್ಚಿದಳು. ತನ್ನ ಸಂಚಿಯಿಂದ ಕರಿದಾರಕ್ಕೆ ಪೋಣಿಸಿದ ಕವಡೆ ಒಂದನ್ನು ತೆಗೆದು ಕೀಲಿಗೆ ಕಟ್ಟಿ ನನ್ನ ಹೆಂಡತಿಯ ಕೈಯಲ್ಲಿಟ್ಟಳು. ಸರಪಣಿಯನ್ನು ಮ್ಯಾನೇಜರರಿಗೆ ವಾಪಸ್ ಕೊಟ್ಟಳು. "ತೊಗೋ ತಮ್ಮಾ, ನಿಮ್ಮ ಹಗ್ಗಾ ನಿಮಗ."

ಶಹಾಬಾದಿನಿಂದ ಸೇಡಮಿನವರೆಗೂ ನನ್ನ ಹೆಂಡತಿಯೇ ನಡೆಸಿದಳು. ದಾರಿಯಲ್ಲಿ ಒಂದು ಬೇಕರಿ ಕಂಡಾಗ ಅತ್ತೆ ಗಾಡಿ ನಿಲ್ಲಿಸಲು ಹೇಳಿ, ತನ್ನ ಪಾಲಿನ ಕೇಕು ಕೇಳಿ ತಿಂದಳು.

ಆ ವಾರವೇ ಮುಂಗಾರು ಹಿಡಿಯಿತು. ಒಂದು ಸಂಜೆ ಆಕಾಶ ಹರಿದಂಥ ಮಳೆಯಲ್ಲಿ ನನ್ನ ಹೆಂಡತಿ ಶಾಲೆಯಿಂದ ಬಂದಳು. ಕಾರಿನ ಮೈಗೆಲ್ಲ ಚಿಂಚೋಳಿಯ ಕೆಸರು. ಹಿಂದಿನ ಸೀಟಿನ ಮೇಲಿಂದ ಮಕ್ಕಳ ಕಾಪಿ ಪುಸ್ತಕಗಳ ಕಟ್ಟು ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬಂದು ಅತ್ತೆಯ ಮುಂದೆ ಇಟ್ಟಳು. "ಮುಟ್ಟಿ ನೋಡ್ರಿ ಅತ್ತೀ."

ಅತ್ತೆ ಮೇಲಿನದು, ಕೆಳಗಿನದು, ನಡುವಿನದು ಎಲ್ಲ ಮುಟ್ಟಿ ನೋಡಿದಳು. "ಒಣಾ ಅವ," ಎಂದಳು. "ಮಾರ್ಕ್ಸ್ ಹಾಕು ಹೋಗು."

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ರವಿವಾರ ತಮ್ಮ ಆದಿತ್ಯನಗರದಿಂದ ಬಂದ. ಬೈಕು ಮಾರಿದ್ದ. ಬಾಗಿಲಲ್ಲೇ ನಿಂತು, ಕರೆಂಟಿನ ಸ್ಕೂಟರು ಬುಕ್ ಮಾಡಿದ್ದೇನೆ, ನೀರು ಬೇಕು ಎಂದು ಅತ್ತೆಯನ್ನು ಕೇಳಿದ. ಕ್ಯಾನು ಬರಿದಾಗಿತ್ತು. ನನ್ನ ಹೆಂಡತಿ ಕವಡೆಯ ಕೀಲಿ ತೆಗೆದುಕೊಂಡಳು. ಅತ್ತೆಯನ್ನು ಮುಂದೆ, ತಮ್ಮನನ್ನು ಹಿಂದೆ ಕೂರಿಸಿಕೊಂಡು ಚಂದ್ರಂಪಳ್ಳಿಗೆ ಹೋಗಿ ತುಂಬಿಕೊಂಡು ಬಂದಳು.